ತಲೆಗೊಂದು ಪಾಲು ಶಾಖ

ಸೀಸ ಭಾರ, ಹಾಗಾಗಿ ಶಾಖವನ್ನೂ ಜಾಸ್ತಿ ಹೀರುತ್ತದೆ. ಈ ಮಾತು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. ತೂಕಕ್ಕೆ ತೂಕ ಇಟ್ಟು ನೋಡಿ, ಪೂರ್ತಿ ಉಲ್ಟಾ! ಒಂದು ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾಗಲು 0.9 ಜೂಲ್ ಶಾಖ ಬೇಕು. ಸೀಸಕ್ಕೆ 0.13 ಸಾಕು.

ತಕ್ಕಡಿ ಬದಿಗಿಡಿ, ಪರಮಾಣುಗಳ ತಲೆ ಎಣಿಸಿ. ಸೀಸದ ಪರಮಾಣು ಅಲ್ಯೂಮಿನಿಯಂನದ್ದಕ್ಕಿಂತ ಏಳು ಪಟ್ಟಿಗೂ ಜಾಸ್ತಿ ಭಾರ. ಅಂದರೆ ಒಂದು ಗ್ರಾಂ ಸೀಸದಲ್ಲಿ ತಲೆಗಳೇ ಕಮ್ಮಿ. ಎರಡರಲ್ಲೂ ತಲೆ ಸಮ ಆಗುವಷ್ಟು, ಅಂದರೆ ಒಂದೊಂದು ಮೋಲ್ ತಗೊಂಡರೆ? ಅಲ್ಯೂಮಿನಿಯಂ 24 ಜೂಲ್, ತಾಮ್ರ 24.5, ಕಬ್ಬಿಣ 25, ಚಿನ್ನ 25.4, ಸೀಸ 26.6. ಹೆಚ್ಚುಕಮ್ಮಿ ಒಂದೇ!

1819ರಲ್ಲಿ ಪ್ಯಾರಿಸ್ಸಿನಲ್ಲಿ ಇದನ್ನು ಕಂಡವರು ಡ್ಯೂಲಾಂಗ್ ಮತ್ತು ಪೆಟಿ ಅನ್ನುವ ಇಬ್ಬರು ವಿಜ್ಞಾನಿಗಳು. ಡ್ಯೂಲಾಂಗ್ ಅದಕ್ಕೂ ಮೊದಲೇ ನೈಟ್ರೋಜನ್ ಟ್ರೈಕ್ಲೋರೈಡ್ ಸಿಡಿದು ಒಂದು ಕಣ್ಣು, ಕೆಲವು ಬೆರಳು ಕಳೆದುಕೊಂಡಿದ್ದರು. ಪರಮಾಣು ಇದೆಯೋ ಇಲ್ಲವೋ ಅಂತ ಜಗಳ ನಡೆಯುತ್ತಿದ್ದ ಕಾಲ ಅದು. ಇವರು ಈ ಲೆಕ್ಕ ಹಿಡಿದು, ಆಗಿನ ಪಟ್ಟಿಯಲ್ಲಿ ಇದಕ್ಕೆ ಹೊಂದದ ಕೆಲವು ಪರಮಾಣು ತೂಕಗಳನ್ನು ಅರ್ಧಕ್ಕೆ ಇಳಿಸಿ ಅಂದರು. ಧೈರ್ಯ ನೋಡಿ.

ಆದರೆ ವಜ್ರ ಹಟಮಾರಿ. ಅದರ ಒಂದು ಮೋಲ್‌ಗೆ, ಅಂದರೆ 12 ಗ್ರಾಂಗೆ, ಬರೀ 6 ಜೂಲ್. ಭೌತವಿಜ್ಞಾನಿ ಹೈನ್ರಿಕ್ ವೆಬರ್ 1870ರ ದಶಕದಲ್ಲಿ ಇದನ್ನು ಬೇರೆ ಬೇರೆ ತಾಪಮಾನದಲ್ಲಿ ಅಳೆದಿಟ್ಟರು. ಆ ಅಂಕಿಗಳಿಗೆ 1907ರಲ್ಲಿ ಅರ್ಥ ಹೇಳಿದ್ದು ಅವರದೇ ಶಿಷ್ಯ ಐನ್‌ಸ್ಟೈನ್. ಗುರುಶಿಷ್ಯರಿಗೆ ಅಷ್ಟಾಗಿ ಆಗಿಬರುತ್ತಿರಲಿಲ್ಲ, ಅದು ಬೇರೆ ಮಾತು.

ಪರಮಾಣುಗಳು ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳು ಅಂದುಕೊಳ್ಳಿ. ಸೀಸದಲ್ಲಿ ಗುಂಡು ದಪ್ಪ, ಸ್ಪ್ರಿಂಗ್ ಸಡಿಲ, ತೂಗಾಟ ನಿಧಾನ. ವಜ್ರದಲ್ಲಿ ಗುಂಡು ಹಗುರ, ಸ್ಪ್ರಿಂಗ್ ಬಿಗಿ, ನಡುಕ ಜೋರು. ಅಲುಗಾಟ ಜೋರಾದಷ್ಟೂ ಶಾಖವನ್ನು ದೊಡ್ಡ ದೊಡ್ಡ ಉಂಡೆಯಾಗಿಯೇ ತಗೊಳ್ಳಬೇಕು, ಚೂರುಪಾರು ನಡೆಯುವುದಿಲ್ಲ. ಮೆಟ್ಟಿಲು ಅನ್ನಿ ಬೇಕಾದರೆ. ಸೀಸದ ಮೆಟ್ಟಿಲು ಗೇಣುದ್ದ, ಮಗುವೂ ಹತ್ತೀತು. ವಜ್ರದ ಮೆಟ್ಟಿಲು ಎದೆಮಟ್ಟ. ಮಾಮೂಲಿ ತಾಪಮಾನದಲ್ಲಿ ಅಷ್ಟೆತ್ತರ ಹತ್ತುವ ಬಲ ಸಿಗುವುದು ಅಪರೂಪ. ಹೆಚ್ಚಿನ ಪರಮಾಣುಗಳು ಕೆಳಗೇ ಸುಮ್ನೆ ನಿಂತಿರುತ್ತವೆ, ತಮ್ಮ ಪಾಲು ತಗೊಳ್ಳುವುದೇ ಇಲ್ಲ.

ಹಾಗಾದರೆ ಬಲ ಕೊಟ್ಟರೆ ಹತ್ತಬೇಕು ಅಲ್ವಾ? ಹತ್ತುತ್ತವೆ. ವಜ್ರವನ್ನು ಸಾವಿರ ಡಿಗ್ರಿಗೆ ಕಾಯಿಸಿದರೆ 6 ಇದ್ದದ್ದು 20 ದಾಟುತ್ತದೆ. ಸೀಸವನ್ನು ಮೈನಸ್ 253 ಡಿಗ್ರಿಗೆ ತಂಪು ಮಾಡಿದರೆ ಗೇಣುದ್ದದ ಮೆಟ್ಟಿಲೂ ಅದಕ್ಕೆ ಎತ್ತರವಾಗಿ, ಅದರ ಪಾಲು ಅರ್ಧಕ್ಕಿಂತ ಕೆಳಗೆ ಬೀಳುತ್ತದೆ.