ಫಿಸಿಯೋಥೆರಪಿ ‘ಮಾಡಿಸಿಕೊಂಡರೆ’ ಮಂಡಿನೋವು ಹೋಗುತ್ತದೆಯೇ?

ಓದುಗರ ಪ್ರಶ್ನೆ: ನನಗೆ ಐವತ್ತೆರಡು ವರ್ಷ. ಎಂಟು ತಿಂಗಳಿಂದ ಬಲಮಂಡಿ ನೋಯುತ್ತಿದೆ, ಮೆಟ್ಟಿಲು ಇಳಿಯುವಾಗ ಹೆಚ್ಚು. ಎಕ್ಸ್‌ರೇ ನೋಡಿದ ವೈದ್ಯರು ‘ಸ್ವಲ್ಪ ಸವೆತವಿದೆ, ಫಿಸಿಯೋಥೆರಪಿ ಮಾಡಿಸಿಕೊಳ್ಳಿ’ ಎಂದರು. ಹಿಂದೊಮ್ಮೆ ಕುತ್ತಿಗೆ ನೋವಿಗೆ ಹತ್ತು ದಿನ ಕರೆಂಟ್ ಇಡಿಸಿಕೊಂಡಿದ್ದೆ. ಆಗ ಹಾಯೆನಿಸಿತು, ತಿಂಗಳೊಳಗೆ ನೋವು ಮರಳಿತು. ಸವೆದ ಮಂಡಿಗೆ ವ್ಯಾಯಾಮ ಮಾಡಿಸಿದರೆ ಇನ್ನಷ್ಟು ಸವೆಯುವುದಿಲ್ಲವೇ? ಈ ಚಿಕಿತ್ಸೆ ನನಗೆ ಹೊಂದುತ್ತದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿರುವ ‘ಮಾಡಿಸಿಕೊಳ್ಳಿ’, ‘ಇಡಿಸಿಕೊಂಡಿದ್ದೆ’ ಎಂಬ ಎರಡು ಮಾತುಗಳಿಂದಲೇ ಶುರುಮಾಡುತ್ತೇನೆ. ಕ್ಷೌರ ಮಾಡಿಸಿಕೊಳ್ಳಬಹುದು, ಹಲ್ಲು ಕೀಳಿಸಿಕೊಳ್ಳಬಹುದು, ಚುಚ್ಚುಮದ್ದು ಹಾಕಿಸಿಕೊಳ್ಳಬಹುದು. ಅಲ್ಲೆಲ್ಲ ನಾವು ಸುಮ್ಮನೆ ಕುಳಿತಿದ್ದರೆ ಸಾಕು, ಕೆಲಸವನ್ನು ಇನ್ನೊಬ್ಬರು ಮುಗಿಸುತ್ತಾರೆ. ಫಿಸಿಯೋಥೆರಪಿಯನ್ನೂ ನಾವು ಆಡುಮಾತಿನಲ್ಲಿ ಅದೇ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಈ ಚಿಕಿತ್ಸೆಯ ಬಗ್ಗೆ ಜನರಿಗೆ ಆಗುವ ನಿರಾಸೆಯಲ್ಲಿ ದೊಡ್ಡ ಪಾಲು ಹುಟ್ಟುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಚಿಕಿತ್ಸಕರ ಕೋಣೆಯಲ್ಲಿ ಕಳೆಯುವುದು ವಾರಕ್ಕೆ ಒಂದೋ ಎರಡೋ ಗಂಟೆ. ಉಳಿದ ಅಷ್ಟೂ ಹೊತ್ತು ಮಂಡಿ ನಿಮ್ಮ ಬಳಿಯೇ ಇರುತ್ತದೆ.

ಹಾಗಾದರೆ ಅವರು ಮಾಡುವುದೇನು? ದೇಹದ ಯಾವ ಚಲನೆ ಕಷ್ಟವಾಗಿದೆ, ಅದನ್ನು ತಡೆಯುತ್ತಿರುವುದು ಬಿಗಿದ ಕೀಲೋ, ಬಲ ಕುಂದಿದ ಸ್ನಾಯುವೋ, ತಪ್ಪಿದ ಸಮತೋಲನವೋ, ಅಥವಾ ನೋವಿನ ಅಂಜಿಕೆಯೋ ಎಂದು ಪರೀಕ್ಷಿಸಿ, ಅದಕ್ಕೆ ತಕ್ಕಷ್ಟು ಭಾರವನ್ನು ತಕ್ಕ ವೇಗದಲ್ಲಿ ಹೆಚ್ಚಿಸುತ್ತ ಹೋಗುವುದೇ ಈ ವಿದ್ಯೆಯ ತಿರುಳು. ಕೈಯಿಂದ ಕೀಲನ್ನು ಸಡಿಲಿಸುವುದು, ಬಿಸಿ ಕೊಡುವುದು, ಪಟ್ಟಿ ಕಟ್ಟುವುದು ಎಲ್ಲವೂ ಅದಕ್ಕೆ ಪೂರಕ. ಇದರ ಆರಂಭ ಅಂಗಮರ್ದನದಿಂದ ಎಂಬುದು ನಿಜ: 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು ತರಬೇತಿ ಪಡೆದ ಅಂಗಮರ್ದಕಿಯರ ಸಂಘವೊಂದನ್ನು ಕಟ್ಟಿದರು, ಅದೇ ಮುಂದೆ ಬ್ರಿಟನ್ನಿನ ಫಿಸಿಯೋಥೆರಪಿಸ್ಟರ ವೃತ್ತಿಸಂಸ್ಥೆಯಾಗಿ ಬೆಳೆಯಿತು. ಆಮೇಲೆ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನೂ ಪೋಲಿಯೊ ತಗುಲಿದ ಮಕ್ಕಳನ್ನೂ ಮತ್ತೆ ನಡೆಸಬೇಕಾಗಿ ಬಂದಾಗ ಬರಿಯ ನೀವುವಿಕೆ ಸಾಲದಾಯಿತು. ವ್ಯಾಯಾಮ ಮುಂದೆ ಬಂತು.

ಮೊದಲ ದಿನದ ಪರೀಕ್ಷೆ ಹೇಗಿದ್ದರೆ ಸರಿ ಎಂದು ತಿಳಿದಿದ್ದರೆ ಅರ್ಧ ನಿರ್ಧಾರ ಅಲ್ಲಿಯೇ ಆಗುತ್ತದೆ. ಒಳ್ಳೆಯ ಚಿಕಿತ್ಸಕರು ನಿಮ್ಮ ಎಕ್ಸ್‌ರೇ ಲಕೋಟೆಯನ್ನು ಬಿಚ್ಚುವ ಮೊದಲೇ ನಿಮ್ಮನ್ನು ನೋಡಲು ಶುರುಮಾಡಿರುತ್ತಾರೆ. ಕುರ್ಚಿಯಿಂದ ಏಳಿ ಎನ್ನುತ್ತಾರೆ. ನೀವು ಎರಡೂ ಕೈಯನ್ನು ತೊಡೆಗೆ ಊರಿ, ಭಾರವನ್ನೆಲ್ಲ ಎಡಗಾಲಿಗೆ ಹಾಕಿ, ಬಲಗಾಲನ್ನು ಒಂದು ಗೇಣು ಮುಂದೆ ಬಿಟ್ಟು ಏಳುತ್ತೀರಿ; ಹಾಗೆ ಎದ್ದದ್ದು ನಿಮ್ಮ ಗಮನಕ್ಕೇ ಬಂದಿರುವುದಿಲ್ಲ. ಎಂಟು ತಿಂಗಳಿಂದ ಬಲಗಾಲು ಹೀಗೆ ಕೆಲಸ ತಪ್ಪಿಸಿಕೊಳ್ಳುತ್ತ ಬಂದಿದ್ದರೆ ಅದರ ತೊಡೆಯ ಸ್ನಾಯು ಸೊರಗದೆ ಇನ್ನೇನಾದೀತು? ಟೇಪಿನಿಂದ ಎರಡೂ ತೊಡೆಯ ಸುತ್ತಳತೆ ತೆಗೆದಾಗ ವ್ಯತ್ಯಾಸ ಹಲವೊಮ್ಮೆ ಕಣ್ಣಿಗೇ ಕಾಣುತ್ತದೆ. ಮುಂದೆ ಗೋನಿಯೋಮೀಟರ್ ಎಂಬ ಕೋನಮಾಪಕವಿಟ್ಟು ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ, ಪೂರ್ತಿ ನೆಟ್ಟಗಾಗುತ್ತದೆಯೇ ಎಂದು ಅಳೆಯುತ್ತಾರೆ; ಸ್ನಾಯುಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ; ಸೊಂಟವನ್ನೂ ಹರಡನ್ನೂ ಪರೀಕ್ಷಿಸುತ್ತಾರೆ, ಏಕೆಂದರೆ ಸೊಂಟದ ಕೀಲಿನ ತೊಂದರೆ ಮಂಡಿಯಲ್ಲಿ ನೋವಾಗಿ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಇದ್ಯಾವುದೂ ಇಲ್ಲದೆ, ವೈದ್ಯರ ಚೀಟಿಯನ್ನಷ್ಟೇ ಓದಿ, ‘ಅಲ್ಲಿ ಮಲಗಿ’ ಎಂದು ಯಂತ್ರದ ತಂತಿ ಜೋಡಿಸಿದರೆ ನಿಮಗಿನ್ನೂ ಫಿಸಿಯೋಥೆರಪಿ ಶುರುವಾಗಿಲ್ಲ ಎಂದು ತಿಳಿಯಿರಿ.

ಈಗ ಸವೆತದ ಮಾತು. ‘ಸವೆದಿದೆ’ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹಳೆಯ ಚಪ್ಪಲಿ. ನಡೆದಷ್ಟೂ ಅಟ್ಟೆ ತೆಳುವಾಗುತ್ತದೆ, ಆದ್ದರಿಂದ ನಡೆಯದೆ ಉಳಿಸಿಕೊಳ್ಳೋಣ ಎಂಬ ಲೆಕ್ಕ. ಆದರೆ ಚಪ್ಪಲಿಗೆ ಜೀವವಿಲ್ಲ, ಮೃದ್ವಸ್ಥಿಗೆ ಇದೆ. ಮೂಳೆಗಳ ತುದಿಯನ್ನು ಹೊದ್ದಿರುವ ಈ ನುಣುಪಾದ ಪದರಕ್ಕೆ ಸ್ವಂತ ರಕ್ತನಾಳಗಳಿಲ್ಲ. ಅದಕ್ಕೆ ಆಹಾರ ಮುಖ್ಯವಾಗಿ ಕೀಲಿನೊಳಗಿನ ದ್ರವದಿಂದಲೇ ಬರಬೇಕು, ಮತ್ತು ಆ ದ್ರವ ಒಳಹೊರಗೆ ಓಡಾಡಲು ಕೀಲಿನ ಮೇಲೆ ಭಾರ ಬಿದ್ದು, ಬಿಟ್ಟು, ಮತ್ತೆ ಬೀಳುತ್ತಿರಬೇಕು. ನೀರಿನಲ್ಲಿಟ್ಟ ಸ್ಪಂಜನ್ನು ಒತ್ತಿ ಬಿಡುವಾಗ ಆಗುವುದನ್ನು ನೆನೆಯಿರಿ. ಮಂಡಿಯನ್ನು ಕಾಪಾಡುವೆವೆಂದು ಕದಲಿಸದೆ ಕೂತರೆ ಆ ಪದರಕ್ಕೆ ಸಿಗಬೇಕಾದದ್ದು ಸಿಗುವುದಿಲ್ಲ, ಜೊತೆಗೆ ಭಾರ ಹೊರಲು ನೆರವಾಗುವ ಸ್ನಾಯುವೂ ಕರಗುತ್ತದೆ.

ಮೆಟ್ಟಿಲು ಇಳಿಯುವಾಗಲೇ ನೋವು ಏಕೆ ಹೆಚ್ಚು ಎಂಬುದಕ್ಕೂ ಉತ್ತರ ಇಲ್ಲಿದೆ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ದೇಹತೂಕದ ಸುಮಾರು ಮೂರು ಪಟ್ಟಿಗೂ ಮಿಕ್ಕಿದ ಭಾರ ಬೀಳುತ್ತದೆ. ಅದನ್ನು ಮೆಲ್ಲಗೆ ಇಳಿಸಬೇಕಾದದ್ದು ತೊಡೆಯ ಮುಂಭಾಗದಲ್ಲಿರುವ, ಕ್ವಾಡ್ರಿಸೆಪ್ಸ್ ಎಂದು ಕರೆಯುವ ಸ್ನಾಯು. ಅದು ದುರ್ಬಲವಾಗಿದ್ದರೆ ಹೆಜ್ಜೆ ಇಳಿಯುವುದಿಲ್ಲ, ಬೀಳುತ್ತದೆ. ತೂಕ ಹೆಚ್ಚಿರುವವರಿಗೆ ಇಲ್ಲೊಂದು ಆಶಾದಾಯಕ ಲೆಕ್ಕವೂ ಇದೆ: ದೇಹದಿಂದ ಒಂದು ಕಿಲೋ ಇಳಿದರೆ ನಡೆಯುವಾಗ ಮಂಡಿಯ ಮೇಲಿನ ಭಾರ ಹೆಜ್ಜೆಗೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆಂದು 2005ರ ಅಧ್ಯಯನವೊಂದು ತೋರಿಸಿತು.

ಚಿತ್ರದಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ನಾವು ಎಣಿಸುವಷ್ಟು ಹತ್ತಿರದ ನಂಟಿಲ್ಲ. ಬೆನ್ನಿನ ವಿಷಯದಲ್ಲಿ ಇದು ಚೆನ್ನಾಗಿ ದಾಖಲಾಗಿದೆ: ನೋವೇ ಇಲ್ಲದವರ ಸ್ಕ್ಯಾನುಗಳನ್ನು ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37ರಷ್ಟು ಜನರಿಗೆ, ಎಂಬತ್ತರವರಲ್ಲಿ ಶೇ. 96ರಷ್ಟು ಜನರಿಗೆ ಡಿಸ್ಕ್ ಸವೆತ ಕಂಡಿತ್ತು. ಆದ್ದರಿಂದ ವರದಿಯಲ್ಲಿನ ಆ ಒಂದು ಪದಕ್ಕೆ ಹೆದರಿ ಓಡಾಟ ಬಿಡುವುದು ಬೇಡ.

ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದರೆ ಹೇಗೆ ಎಂದು ನೀವು ಕೇಳಿಲ್ಲ, ಆದರೆ ಮುಂದೆ ಯಾರಾದರೂ ಆ ಮಾತು ತೆಗೆದೇ ತೆಗೆಯುತ್ತಾರೆ. ಮಂಡಿ ಸವೆತಕ್ಕೆ ಸಣ್ಣ ರಂಧ್ರದ ಮೂಲಕ ಮಾಡುವ ಆರ್ಥ್ರೋಸ್ಕೋಪಿಯನ್ನು ಫಿಸಿಯೋಥೆರಪಿ ಮತ್ತು ಔಷಧಿಯ ಜೊತೆ ಸೇರಿಸಿದರೆ ಹೆಚ್ಚಿನ ಲಾಭವಿದೆಯೇ ಎಂದು ಪರೀಕ್ಷಿಸಿದ ಕೆನಡಾದ ಪ್ರಯೋಗವೊಂದರ ಫಲಿತಾಂಶ 2008ರಲ್ಲಿ ಬಂತು. ಎರಡು ವರ್ಷದ ಕೊನೆಗೆ ಎರಡೂ ಗುಂಪಿನವರು ಸಮನಾಗಿದ್ದರು. 2013ರ ಅಮೆರಿಕದ ಪ್ರಯೋಗದಲ್ಲಿ, ಸವೆತದ ಜೊತೆಗೆ ಮೆನಿಸ್ಕಸ್ ಎಂಬ ಮಂಡಿಯೊಳಗಿನ ಮೆತ್ತೆ ಹರಿದಿದ್ದ 351 ಜನರಲ್ಲೂ, ಶಸ್ತ್ರಚಿಕಿತ್ಸೆಯ ಗುಂಪಿಗೂ ಫಿಸಿಯೋಥೆರಪಿಯ ಗುಂಪಿಗೂ ಆರು ತಿಂಗಳ ಹೊತ್ತಿಗೆ ಗಣನೀಯ ವ್ಯತ್ಯಾಸವಿರಲಿಲ್ಲ. ಆದರೆ ಫಿಸಿಯೋಥೆರಪಿ ಗುಂಪಿನ ನೂರಕ್ಕೆ ಸುಮಾರು ಮೂವತ್ತು ಜನ ಅಷ್ಟರೊಳಗೆ ಶಸ್ತ್ರಚಿಕಿತ್ಸೆಗೆ ಹೋಗಿದ್ದರು ಎಂಬುದನ್ನೂ ಹೇಳದಿದ್ದರೆ ನಾನು ಪಕ್ಷಪಾತ ಮಾಡಿದಂತಾಗುತ್ತದೆ. ಎಲ್ಲರಿಗೂ ಸಾಲುವ ಚಿಕಿತ್ಸೆ ಇದಲ್ಲ; ಹೆಚ್ಚಿನವರು ಮೊದಲು ಪ್ರಯತ್ನಿಸಬಹುದಾದದ್ದು.

ನಿಮ್ಮ ಕುತ್ತಿಗೆಗೆ ಇಟ್ಟ ಕರೆಂಟಿನ ಬಗ್ಗೆ ಹೇಳುವುದಾದರೆ, ಚರ್ಮದ ಮೂಲಕ ಸಣ್ಣ ವಿದ್ಯುತ್ ಹರಿಸುವ ಐಎಫ್‌ಟಿ ಮತ್ತು ಟೆನ್ಸ್, ಶಬ್ದತರಂಗ ಹಾಯಿಸುವ ಅಲ್ಟ್ರಾಸೌಂಡ್ ಮುಂತಾದ ಯಂತ್ರಗಳು ಕೆಲವರಿಗೆ ಸ್ವಲ್ಪ ಹೊತ್ತು ನೋವನ್ನು ಮಂದಗೊಳಿಸಬಹುದು. ಅವು ಸ್ನಾಯುವನ್ನು ಬಲಪಡಿಸುವುದಿಲ್ಲ, ನಿಮ್ಮ ಕುಳಿತುಕೊಳ್ಳುವ ರೀತಿಯನ್ನು ಬದಲಿಸುವುದಿಲ್ಲ. ಆದ್ದರಿಂದ ನೋವು ಮರಳಿದ್ದರಲ್ಲಿ ಆಶ್ಚರ್ಯವಿಲ್ಲ. ಕೆಳಬೆನ್ನಿನ ನೋವಿನ ಚಿಕಿತ್ಸೆಗೆ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2016ರಲ್ಲೇ ಈ ಮೂರನ್ನೂ ಕೊಡಬೇಡಿ ಎಂದು ಸ್ಪಷ್ಟವಾಗಿ ಬರೆದಿದೆ. ಹತ್ತು ನಿಮಿಷದ ಉಪಶಮನದಿಂದ ವ್ಯಾಯಾಮ ಸುಲಭವಾಗುವುದಾದರೆ ನನ್ನ ತಕರಾರಿಲ್ಲ, ಆದರೆ ಯಂತ್ರದಿಂದ ಎದ್ದವರು ನೇರವಾಗಿ ಮನೆಗೆ ಹೋಗುವಂತಾದರೆ ಆ ಹತ್ತು ದಿನ ವ್ಯರ್ಥ.

ವ್ಯಾಯಾಮ ಎಂದರೆ ಏನೋ ದೊಡ್ಡ ಕಸರತ್ತು ಎಂದು ಅಂಜಬೇಡಿ. ನಿಮ್ಮಂಥವರಿಗೆ ಮೊದಲು ಹೇಳಿಕೊಡುವುದು ಸಾಮಾನ್ಯವಾಗಿ ಇದು: ಕಾಲು ಚಾಚಿ ಕುಳಿತು, ಸುರುಳಿ ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಸೆಕೆಂಡು ಹಿಡಿದು ಬಿಡುವುದು. ನೋಡುವವರಿಗೆ ಇದು ವ್ಯಾಯಾಮದಂತೆಯೇ ಕಾಣುವುದಿಲ್ಲ. ಆದರೆ ಅಂಗೈಯನ್ನು ತೊಡೆಯ ಮೇಲಿಟ್ಟರೆ ಮಂಡಿಚಿಪ್ಪಿನ ಮೇಲ್ಭಾಗದ ಸ್ನಾಯು ಗಟ್ಟಿಯಾಗುವುದು ತಿಳಿಯುತ್ತದೆ. ನೋವಿರುವ ಕಾಲಿನಲ್ಲಿ ಅದು ತಡವಾಗಿ, ನಡುಗುತ್ತ ಗಟ್ಟಿಯಾಗುವುದನ್ನು ಕಂಡು ಬಹಳ ಜನ ಬೆರಗಾಗುತ್ತಾರೆ. ಕೆಲವು ದಿನಗಳಲ್ಲಿ ಅಲ್ಲಿಂದ ಕುರ್ಚಿಯಿಂದ ಏಳುವುದಕ್ಕೆ, ಮುಂದೆ ಗಿಡ್ಡ ಮೆಟ್ಟಿಲಿಗೆ, ಆಮೇಲೆ ಭಾರ ಹಿಡಿದು ಏರುವುದಕ್ಕೆ ದಾಟಬೇಕು. ಮೂರನೆಯ ತಿಂಗಳಲ್ಲೂ ಅದೇ ಟವೆಲನ್ನೇ ಒತ್ತಿಸುತ್ತಿದ್ದರೆ ಏನೋ ತಪ್ಪಿದೆ.

ಮಾಡುವಾಗ ಸ್ವಲ್ಪ ನೋವಾದರೆ ನಿಲ್ಲಿಸಬೇಕಿಲ್ಲ. ಹತ್ತರ ಅಳತೆಯಲ್ಲಿ ನಾಲ್ಕೈದಕ್ಕಿಂತ ಮೇಲೇರದ, ಮರುದಿನ ಬೆಳಿಗ್ಗೆಯ ಹೊತ್ತಿಗೆ ಎಂದಿನ ಮಟ್ಟಕ್ಕೆ ಇಳಿಯುವ ನೋವನ್ನು ಸಹಿಸಬಹುದು. ಮಂಡಿ ಊದಿಕೊಂಡರೆ ಅಥವಾ ಮರುದಿನವೂ ನೋವು ಹೆಚ್ಚಿಯೇ ಇದ್ದರೆ ಪ್ರಮಾಣ ತಗ್ಗಿಸಬೇಕು. ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚುವುದು ಬಹುಮಟ್ಟಿಗೆ ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುವುದರಿಂದ. ಸ್ನಾಯು ಕಣ್ಣಿಗೆ ಕಾಣುವಂತೆ ತುಂಬಿಕೊಳ್ಳಲು ಆರೆಂಟು ವಾರವಾದರೂ ಬೇಕು. ಡೆನ್ಮಾರ್ಕಿನಲ್ಲಿ 2013ರಲ್ಲಿ ಆರಂಭವಾಗಿ ಹಲವು ದೇಶಗಳಿಗೆ ಹರಡಿದ, ಮಂಡಿ ಮತ್ತು ಸೊಂಟದ ಸವೆತದ ‘ಗ್ಲ್ಯಾಡ್’ ಕಾರ್ಯಕ್ರಮದಲ್ಲಿ ವಾರಕ್ಕೆರಡರಂತೆ ಹನ್ನೆರಡು ವ್ಯಾಯಾಮ ತರಗತಿಗಳಿವೆ. ಹತ್ತು ದಿನದಲ್ಲಿ ಮುಗಿಯುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಮಂಡಿ, ಬೆನ್ನುಗಳಾಚೆಗೂ ಈ ಚಿಕಿತ್ಸೆಯ ಹರವು ದೊಡ್ಡದು: ಪಾರ್ಶ್ವವಾಯುವಿನ ನಂತರ ನಡೆ ಕಲಿಸುವುದು, ಶ್ವಾಸಕೋಶದ ದೀರ್ಘ ಕಾಯಿಲೆಯವರಿಗೆ ಏದುಸಿರು ತಗ್ಗಿಸುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಬರುವ ತಲೆಸುತ್ತನ್ನು ತಲೆಯ ಸ್ಥಾನಗಳನ್ನು ಕ್ರಮವಾಗಿ ಬದಲಿಸಿ ಹೋಗಲಾಡಿಸುವುದು. ಕೆಮ್ಮಿದರೆ, ನಕ್ಕರೆ ಮೂತ್ರ ಸೋರುವ ತೊಂದರೆಯನ್ನು ಹೆಂಗಸರು ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುತ್ತಾರೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಮೂರು ತಿಂಗಳ ಕ್ರಮಬದ್ಧ ವ್ಯಾಯಾಮವೇ ಅದಕ್ಕೆ ಮೊದಲ ಚಿಕಿತ್ಸೆ ಎಂದು ತಿಳಿದಿದ್ದರೆ ಎಷ್ಟೋ ಜನರ ಸಂಕೋಚ ಕಳೆಯುತ್ತಿತ್ತು.

ಮೊದಲು ವೈದ್ಯರ ಬಳಿಗೇ ಹೋಗಬೇಕಾದ ಸಂದರ್ಭಗಳೂ ಇವೆ. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ ಅಥವಾ ಹತೋಟಿ ತಪ್ಪಿದರೆ, ತೊಡೆಸಂದಿ ಮತ್ತು ಗುದದ ಸುತ್ತ ಸ್ಪರ್ಶವೇ ತಿಳಿಯದಂತಾದರೆ, ಅದು ಅದೇ ದಿನ ಆಸ್ಪತ್ರೆ ಸೇರಬೇಕಾದ ತುರ್ತು. ಪಾದ ಎತ್ತಲಾಗದಂತೆ ಜೋಲುಬಿದ್ದರೂ ತಡಮಾಡಬಾರದು. ಜ್ವರವಿದ್ದು ಕೀಲು ಕೆಂಪಾಗಿ ಊದಿದ್ದರೆ, ಒಂದೇ ಕಾಲಿನ ಮೀನಖಂಡ ಬಿಸಿಯಾಗಿ ಬಾತಿದ್ದರೆ, ಹೇಗೆ ಮಲಗಿದರೂ ತಗ್ಗದ ರಾತ್ರಿನೋವಿನ ಜೊತೆ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಮೂಳೆನೋವು ಬಂದಿದ್ದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ವ್ಯಾಯಾಮದ ಮಾತು ಆಮೇಲೆ.

ನಿಮ್ಮ ವಿವರದಲ್ಲಿ ಇಂಥದ್ದೇನೂ ಇಲ್ಲ, ನೋವು ನಿರ್ದಿಷ್ಟ ಚಲನೆಗೆ ಅಂಟಿಕೊಂಡಿದೆ, ವೈದ್ಯರು ನೋಡಿದ್ದಾರೆ. ಆದ್ದರಿಂದ ಫಿಸಿಯೋಥೆರಪಿ ನಿಮಗೆ ಹೊಂದುತ್ತದೆ ಎಂದೇ ನನ್ನ ಅಭಿಪ್ರಾಯ. ಆದರೆ ಒಂದು ಷರತ್ತಿದೆ: ದಿನಕ್ಕೆ ಇಪ್ಪತ್ತು ನಿಮಿಷವನ್ನು ಮೂರು ತಿಂಗಳ ಕಾಲ ನಿಜವಾಗಿಯೂ ಎತ್ತಿಡಬಲ್ಲಿರಾ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಸದ್ಯಕ್ಕೆ ಆಗದೆಂದರೆ ಅದನ್ನೂ ಚಿಕಿತ್ಸಕರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಎಂಟು ವ್ಯಾಯಾಮಗಳ ಪಟ್ಟಿ ಕೊಟ್ಟು ಒಂದನ್ನೂ ಮಾಡದೆ ಬಿಡುವುದಕ್ಕಿಂತ ಎರಡನ್ನೇ ಆರಿಸಿ ಮಾಡಿಸುವ ಜಾಣ್ಮೆ ಅವರಿಗಿರಬೇಕು. ಮೊದಲ ಭೇಟಿಯಲ್ಲಿ ‘ನನ್ನ ತೊಂದರೆಗೆ ಕಾರಣವೇನೆಂದು ನಿಮಗನಿಸುತ್ತದೆ, ಸುಧಾರಿಸುತ್ತಿದೆಯೆಂದು ಯಾವುದರಿಂದ ಅಳೆಯುತ್ತೀರಿ, ಎಷ್ಟು ಭೇಟಿಯ ನಂತರ ಮತ್ತೆ ಯೋಚಿಸೋಣ’ ಎಂದು ಕೇಳಲು ಹಿಂಜರಿಯಬೇಡಿ. ಆರು ವಾರ ನಿಯಮದಿಂದ ಮಾಡಿಯೂ ಏನೊಂದೂ ಬದಲಾಗದಿದ್ದರೆ ಯೋಜನೆಯನ್ನು ಬದಲಿಸಬೇಕು, ಇಲ್ಲವೇ ವೈದ್ಯರ ಬಳಿಗೆ ಮರಳಬೇಕು.

ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ, ತಾರೀಖಿನ ಸಮೇತ ಬರೆದಿಡಿ. ಪಕ್ಕದಲ್ಲಿ ಒಬ್ಬರಿರಲಿ, ನೋವು ಜೋರಾದರೆ ಅಲ್ಲಿಗೇ ನಿಲ್ಲಿಸಿ. ಆರನೆಯ ವಾರದ ಕೊನೆಗೆ ಅದೇ ಕುರ್ಚಿಯಲ್ಲಿ ಮತ್ತೆ ಎಣಿಸಿ, ಆ ಚೀಟಿಯನ್ನು ಚಿಕಿತ್ಸಕರ ಮುಂದಿಡಿ.