ಹೋದ ವರ್ಷದ ಸೆಕೆ ನಮಗೆಷ್ಟು ನೆನಪಿದೆ?

"ಇಂಥ ಸೆಕೆ ಹುಟ್ಟಿದಾಗಿನಿಂದ ಕಂಡಿಲ್ಲ." ಬೇಸಿಗೆ ಬಂದರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ. ಎರಡು ದಿನ ಮಳೆ ಬಿಡದೆ ಸುರಿದರೂ, ಚಳಿ ಸ್ವಲ್ಪ ಜಾಸ್ತಿಯಾದರೂ ಇದೇ ಮಾತು. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಅವರ ಮೈಗೆ ಹಾಗೇ ಅನಿಸಿರುತ್ತದೆ. ಆದರೆ ಮೈಗೆ ಅನಿಸಿದ್ದು ಒಂದು, ಅಳತೆಗೆ ಸಿಕ್ಕಿದ್ದು ಇನ್ನೊಂದು, ನೆನಪಿನಲ್ಲಿ ಉಳಿದದ್ದು ಮತ್ತೊಂದು. ಹವೆ ನಿಜಕ್ಕೂ ಬದಲಾಗುತ್ತಿರುವ ಈ ಕಾಲದಲ್ಲಿ ಮೂರನ್ನೂ ಬೇರೆ ಮಾಡಿ ನೋಡಲೇಬೇಕು.

ಮೊದಲು ಅಳತೆಯೇ ಇರಲಿಲ್ಲ. ದಿನಚರಿಯಲ್ಲಿ ಯಾರೋ "ಇವತ್ತು ವಿಪರೀತ ಚಳಿ" ಅಂತ ಬರೆದಿಟ್ಟರೆ, ಎಷ್ಟು ಚಳಿ ಅಂತ ಹೇಳುವುದು ಹೇಗೆ? 1654ರಲ್ಲಿ ಇಟಲಿಯ ಮೆಡಿಚಿ ಮನೆತನ ಹಲವು ಊರುಗಳಿಗೆ ಒಂದೇ ಬಗೆಯ ಉಷ್ಣಮಾಪಕ ಕಳಿಸಿ ಲೆಕ್ಕ ಬರೆಸಿತು. ಅದು 1667ರಲ್ಲಿ ನಿಂತುಹೋಯಿತು. ಮಧ್ಯ ಇಂಗ್ಲೆಂಡಿನ ತಾಪಮಾನದ ಲೆಕ್ಕ ಮಾತ್ರ 1659ರಿಂದ ಇವತ್ತಿನವರೆಗೂ ತಿಂಗಳವಾರು ಸಿಗುತ್ತದೆ. ಉಪಕರಣದಿಂದ ಅಳೆದ ದಾಖಲೆಗಳಲ್ಲಿ ಇಷ್ಟು ಉದ್ದದ್ದು ಬೇರೆ ಇಲ್ಲ. 1724ರಲ್ಲಿ ಫ್ಯಾರನ್‌ಹೀಟ್, 1742ರಲ್ಲಿ ಸೆಲ್ಸಿಯಸ್ ತಮ್ಮ ತಮ್ಮ ಮಾಪನ ಕೊಟ್ಟ ಮೇಲೆ ಒಂದು ಊರಿನ ಚಳಿಯನ್ನು ಇನ್ನೊಂದು ಊರಿನ ಚಳಿಯ ಪಕ್ಕದಲ್ಲಿಟ್ಟು ನೋಡುವುದು ಸುಲಭವಾಯಿತು.

ಅಳತೆ ಬಂತು, ಆದರೆ ಕಾರಣ ತಿಳಿಯಲಿಲ್ಲ. 1816ರಲ್ಲಿ ಯುರೋಪಿಗೂ ಅಮೆರಿಕದ ಈಶಾನ್ಯ ಭಾಗಕ್ಕೂ ಬೇಸಿಗೆಯೇ ಬರಲಿಲ್ಲ. ಅಮೆರಿಕದ ಆ ಭಾಗದಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು. ಯುರೋಪಿನಲ್ಲಿ ಮಳೆ, ಚಳಿಗೆ ಬೆಳೆ ನಾಶವಾಯಿತು, ಜನ ಹಸಿವಿನಿಂದ ಊರು ಬಿಟ್ಟರು. ಸೂರ್ಯನ ಮೇಲಿನ ಕಲೆಗಳೇ ಕಾರಣ ಅಂತ ಹಲವರು ನಂಬಿದರು. ನಿಜವಾದ ಕಾರಣ ಸಾವಿರಾರು ಕಿಲೋಮೀಟರ್ ದೂರದಲ್ಲಿತ್ತು. ಹಿಂದಿನ ವರ್ಷ, 1815ರ ಏಪ್ರಿಲ್‌ನಲ್ಲಿ, ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದು ಉಗುಳಿದ ಗಂಧಕದ ಅನಿಲ ವಾತಾವರಣದ ಮೇಲ್ಪದರ ಸೇರಿ, ಸಣ್ಣ ಸಣ್ಣ ಕಣಗಳಾಗಿ ಭೂಮಿಯ ಸುತ್ತ ಹರಡಿ, ಬಿಸಿಲಿಗೆ ಅಡ್ಡ ನಿಂತಿತ್ತು. ಈ ಎರಡನ್ನೂ ವಿಜ್ಞಾನಿಗಳು ಜೋಡಿಸುವ ಹೊತ್ತಿಗೆ ನೂರು ವರ್ಷವೇ ಕಳೆದಿತ್ತು. ಆ ವರ್ಷ ಹೊಲದಲ್ಲಿ ನಿಂತು ಆಕಾಶ ನೋಡಿದ ರೈತನಿಗೆ ತನ್ನ ಪಾಲಿನ ಮೋಡ ಬಿಟ್ಟರೆ ಬೇರೇನೂ ಕಾಣುವಂತಿರಲಿಲ್ಲ.

ದೂರದ ಹವೆ ಕಣ್ಣಿಗೆ ಬೀಳತೊಡಗಿದ್ದು ಟೆಲಿಗ್ರಾಫ್ ಬಂದ ಮೇಲೆ. ಬಿರುಗಾಳಿಗಿಂತ ಬೇಗ ಸುದ್ದಿ ಓಡಾಡತೊಡಗಿತು. 1859ರ ಅಕ್ಟೋಬರ್‌ನಲ್ಲಿ ವೇಲ್ಸ್ ತೀರದ ಹತ್ತಿರ 'ರಾಯಲ್ ಚಾರ್ಟರ್' ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು, 400ಕ್ಕೂ ಹೆಚ್ಚು ಜನ ಸತ್ತರು. ಬ್ರಿಟನ್ನಿನ ಹವಾಮಾನ ಇಲಾಖೆಯ ಹೊಣೆ ಹೊತ್ತಿದ್ದ ರಾಬರ್ಟ್ ಫಿಟ್ಜ್‌ರಾಯ್ ಕೈಕಟ್ಟಿ ಕೂರಲಿಲ್ಲ. ಕರಾವಳಿಯ ಠಾಣೆಗಳಿಂದ ದಿನಾ ತಂತಿ ಸಂದೇಶ ತರಿಸಿಕೊಂಡರು. ಗಾಳಿ ಏಳುವ ಲಕ್ಷಣ ಕಂಡರೆ ಬಂದರುಗಳಲ್ಲಿ ಎಚ್ಚರಿಕೆಯ ಗುರುತು ಏರಿಸಿದರು. 1861ರ ಆಗಸ್ಟ್ 1ರಂದು ಅವರ ಮುನ್ಸೂಚನೆ 'ದಿ ಟೈಮ್ಸ್' ಪತ್ರಿಕೆಯಲ್ಲಿ ಬಂತು. ಸಾಮಾನ್ಯ ಜನರಿಗಾಗಿ ಪತ್ರಿಕೆಯಲ್ಲಿ ಅಚ್ಚಾದ ಮೊದಲ ದೈನಂದಿನ ಹವಾಮಾನ ಮುನ್ಸೂಚನೆ ಅದು.

ಮುಂದಿನದ್ದನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಮುನ್ಸೂಚನೆ ತಪ್ಪಿದ ದಿನಗಳೇ ಜನರ ಬಾಯಲ್ಲಿ ಉಳಿದವು. ವಿಜ್ಞಾನಿಗಳೂ ಪತ್ರಿಕೆಗಳೂ ಟೀಕಿಸಿದರು. ಫಿಟ್ಜ್‌ರಾಯ್ 1865ರಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು. ಮರು ವರ್ಷ ಮುನ್ಸೂಚನೆಯನ್ನೂ ಬಿರುಗಾಳಿ ಎಚ್ಚರಿಕೆಯನ್ನೂ ನಿಲ್ಲಿಸಿದರು. ಆದರೆ ಸಮುದ್ರಕ್ಕೆ ಇಳಿಯುವವರಿಗೆ ಆ ಎಚ್ಚರಿಕೆಯ ಬೆಲೆ ಗೊತ್ತಿತ್ತು. ಅವರ ಒತ್ತಾಯಕ್ಕೆ ಬಿರುಗಾಳಿ ಎಚ್ಚರಿಕೆ ಬೇಗನೆ ಮರಳಿತು, ಜನರಿಗಾಗಿ ಕೊಡುವ ಮುನ್ಸೂಚನೆ ಮರಳಲು 1879 ಆಗಬೇಕಾಯಿತು.

ಇವತ್ತು ಐದು ದಿನ ಮುಂದಿನ ಮುನ್ಸೂಚನೆ, 1980ರಲ್ಲಿ ಒಂದು ದಿನ ಮುಂದಿನದ್ದು ಎಷ್ಟು ನಿಖರವಾಗಿತ್ತೋ ಅಷ್ಟು ನಿಖರ. ಹಾಗಿದ್ದರೂ "ಇವರು ಹೇಳಿದ್ದು ಯಾವತ್ತು ಆಗಿದೆ?" ಅನ್ನುವ ಮಾತು ನಿಂತಿಲ್ಲ, ಅಲ್ವಾ? ಒಂದು ಕಾರಣ, ಮುನ್ಸೂಚನೆಯ ಭಾಷೆ. ಮೊಬೈಲಿನಲ್ಲಿ "ಮಳೆ 30%" ಅಂತ ಬರುತ್ತದೆ. ಇಂಥದೇ ಹವೆ ಇರುವ 10 ದಿನಗಳಲ್ಲಿ 3 ದಿನ ಮಳೆಯಾಗುತ್ತದೆ ಅಂತ ಅದರ ಅರ್ಥ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಮ್‌ಸ್ಟರ್‌ಡ್ಯಾಮ್, ಅಥೆನ್ಸ್, ಬರ್ಲಿನ್, ಮಿಲಾನ್, ನ್ಯೂಯಾರ್ಕ್ ಜನರಿಗೆ ಇದರ ಅರ್ಥ ಕೇಳಿದರು. ಹೆಚ್ಚಿನವರು ಸರಿ ಹೇಳಿದ್ದು ನ್ಯೂಯಾರ್ಕಿನಲ್ಲಿ ಮಾತ್ರ. ಉಳಿದ ಕಡೆ ಊರಿನ 30% ಜಾಗದಲ್ಲಿ ಮಳೆ, ಇಲ್ಲವೇ ದಿನದ 30% ಹೊತ್ತು ಮಳೆ ಅಂದುಕೊಂಡವರೇ ಜಾಸ್ತಿ. ಛತ್ರಿ ಒಯ್ಯಬೇಕೋ ಬೇಡವೋ ಅಂತ ತೀರ್ಮಾನಿಸುವ ಸಂಖ್ಯೆಯೇ ಹೀಗೆ ಅರ್ಥ ಕೆಟ್ಟರೆ, ನಂಬಿಕೆ ಎಲ್ಲಿಂದ ಬರಬೇಕು?

ಇನ್ನೊಂದು ಕಾರಣ ನಮ್ಮ ಮೈ. ಹವಾಮಾನ ಕೇಂದ್ರದ ಉಷ್ಣಮಾಪಕ ಇರುವುದು ಬಿಳಿ ಬಣ್ಣದ ಮರದ ಪೆಟ್ಟಿಗೆಯಲ್ಲಿ. ನಾಲ್ಕೂ ಕಡೆ ಓರೆ ಪಟ್ಟಿಗಳು, ಗಾಳಿ ಆಡುತ್ತದೆ, ಬಿಸಿಲು ಒಳಗೆ ಬೀಳುವುದಿಲ್ಲ. ಕೆಳಗೆ ಹುಲ್ಲುನೆಲ. ಅದು ಅಳೆಯುವುದು ನೆರಳಿನ ಗಾಳಿಯ ಬಿಸಿಯನ್ನು. ನಾವು ಓಡಾಡುವುದು ಕಾದ ರಸ್ತೆಯಲ್ಲಿ, ತಗಡಿನ ಕೆಳಗೆ. ಮೈ ತಣ್ಣಗಾಗುವುದು ಬೆವರು ಆರಿದಾಗ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದೇ ಇಲ್ಲ, ಸುಮ್ನೆ ಇಳಿಯುತ್ತಿರುತ್ತದೆ. ಹಾಗಾಗಿ ಒಂದೇ 35 ಡಿಗ್ರಿ ಒಣಹವೆಯಲ್ಲಿ ಒಂದು ತರಹ, ಕರಾವಳಿಯಲ್ಲಿ ಇನ್ನೊಂದು ತರಹ.

ಮೈಗೆ ಅನಿಸುವುದನ್ನೂ ಸಂಖ್ಯೆಯಲ್ಲಿ ಹಿಡಿಯುವ ಪ್ರಯತ್ನ ಶುರುವಾಗಿದ್ದು ಅಂಟಾರ್ಕ್ಟಿಕಾದಲ್ಲಿ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡಿದರು. ಗಾಳಿ ಜೋರಾದಷ್ಟೂ ಬೇಗ ಹೆಪ್ಪುಗಟ್ಟುತ್ತಿತ್ತು. 1945ರಲ್ಲಿ ಪ್ರಕಟವಾದ ಆ ಕೆಲಸವೇ ಚಳಿಗಾಳಿಯ ಸೂಚ್ಯಂಕಕ್ಕೆ ತಳಪಾಯ. 1979ರಲ್ಲಿ ರಾಬರ್ಟ್ ಸ್ಟೆಡ್‌ಮನ್ ಸೆಕೆಗೂ ಅಂಥದೇ ಲೆಕ್ಕ ಮಾಡಿದರು. ಮೊಬೈಲಿನಲ್ಲಿ ತಾಪಮಾನದ ಪಕ್ಕದಲ್ಲಿ "ಅನಿಸುವುದು ಇಷ್ಟು" ಅಂತ ಕಾಣುವ ಇನ್ನೊಂದು ಸಂಖ್ಯೆ ಬಂದಿದ್ದು ಇಂಥ ಲೆಕ್ಕಗಳಿಂದ.

ಇನ್ನು ಉಳಿದದ್ದು ನೆನಪು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಆತಂಕದ ಭಾಗ ಇದೇ. ಮಳೆ ಅಥವಾ ಸೆಕೆ "ವಾಡಿಕೆಗಿಂತ ಹೆಚ್ಚು" ಅಂತ ವರದಿಯಲ್ಲಿ ಓದುತ್ತೇವಲ್ಲ, ಆ ವಾಡಿಕೆ ಅಂದರೆ 30 ವರ್ಷದ ಸರಾಸರಿ. 1935ರಲ್ಲಿ ವಾರ್ಸಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಹವಾಮಾನ ಸಂಘಟನೆ 1901ರಿಂದ 1930ರವರೆಗಿನ ಅವಧಿಯನ್ನು ಅಳತೆಗೋಲು ಮಾಡಿತು. ಈಗ ಹತ್ತು ವರ್ಷಕ್ಕೊಮ್ಮೆ ಈ ಅವಧಿ ಮುಂದೆ ಸರಿಯುತ್ತದೆ. 1981–2010 ಹೋಗಿ 1991–2020 ಬಂದಿದೆ. ಭೂಮಿ ಬಿಸಿಯಾಗುತ್ತಿರುವಾಗ ಹೊಸ ಸರಾಸರಿಯೂ ಬಿಸಿ. ಹಳೆಯ ಲೆಕ್ಕದಲ್ಲಿ ವಿಪರೀತ ಅನಿಸುತ್ತಿದ್ದ ದಿನ ಹೊಸ ಲೆಕ್ಕದಲ್ಲಿ ಸಾಧಾರಣ ದಿನವಾಗಿಬಿಡುತ್ತದೆ. ಇದಕ್ಕೇ ವಿಶ್ವ ಹವಾಮಾನ ಸಂಸ್ಥೆ ದೀರ್ಘಕಾಲದ ಬದಲಾವಣೆಯನ್ನು ಅಳೆಯಲು 1961–1990ರ ಸರಾಸರಿಯನ್ನು ಕದಲಿಸದೆ ಉಳಿಸಿಕೊಂಡಿದೆ.

ನಮ್ಮ ತಲೆಯೊಳಗಿನ ಸರಾಸರಿಗೆ 30 ವರ್ಷದ ತಾಳ್ಮೆಯೂ ಇಲ್ಲ. ಅಮೆರಿಕದ ಜನ ಹವೆಯ ಬಗ್ಗೆ ಟ್ವಿಟ್ಟರ್‌ನಲ್ಲಿ ಏನು ಬರೆಯುತ್ತಾರೆ ಅಂತ ನೋಡಿದ ಒಂದು ಅಧ್ಯಯನ 2019ರಲ್ಲಿ ಬಂತು. ಅಸಹಜವಾದ ಸೆಕೆ ಅಥವಾ ಚಳಿ ಮೊದಲ ಸಲ ಬಂದಾಗ ಜನ ತುಂಬಾ ಬರೆದರು. ಅದೇ ಹವೆ ಮತ್ತೆ ಮತ್ತೆ ಬಂದಾಗ ಬರೆಯುವುದೇ ಬಿಟ್ಟರು. ಜನ "ಮಾಮೂಲು" ಅಂತ ಹೋಲಿಸಿ ನೋಡುತ್ತಿದ್ದದ್ದು ಹಿಂದಿನ 2ರಿಂದ 8 ವರ್ಷಗಳನ್ನು ಮಾತ್ರ. ಮಾತು ನಿಂತಿತು, ಕಿರಿಕಿರಿ ನಿಲ್ಲಲಿಲ್ಲ. ಅವರು ಬರೆದ ಬೇರೆ ಮಾತುಗಳ ಧಾಟಿಯಲ್ಲಿ ಬೇಸರ ಉಳಿದೇ ಇತ್ತು. "ಇಂಥ ಸೆಕೆ ಕಂಡಿಲ್ಲ" ಅನ್ನುವ ಮಾತನ್ನು ಕೇಳಿದಾಗ ನನಗೆ ಒಂದು ರೀತಿಯ ಸಮಾಧಾನವಾಗುವುದು ಇದಕ್ಕೇ. ಆ ಮಾತು ಹೇಳುವುದನ್ನೇ ಬಿಟ್ಟರೆ ಏನು ಗತಿ?

ಮನಸ್ಸು ಒಗ್ಗಿಕೊಂಡಷ್ಟು ಸುಲಭವಾಗಿ ಮೈ ಒಗ್ಗುವುದಿಲ್ಲ. 2003ರ ಬೇಸಿಗೆಯಲ್ಲಿ ಬಿಸಿಗಾಳಿಗೆ ಯುರೋಪಿನಲ್ಲಿ ಸುಮಾರು 70,000 ಜನ ಸತ್ತರು ಅಂತ ಅಂದಾಜು. ಹೆಚ್ಚಿನವರು ವಯಸ್ಸಾದವರು, ಎಷ್ಟೋ ಜನ ಮನೆಯಲ್ಲಿ ಒಂಟಿಯಾಗಿದ್ದವರು. ಬಿರುಗಾಳಿ ಮನೆ ಕೆಡವುತ್ತದೆ, ಪ್ರವಾಹ ರಸ್ತೆ ಮುಳುಗಿಸುತ್ತದೆ, ಕಣ್ಣಿಗೆ ಕಾಣುತ್ತದೆ. ಸೆಕೆ ಏನನ್ನೂ ಕೆಡವುವುದಿಲ್ಲ. ರಾತ್ರಿಯೂ ತಂಪಾಗದಿದ್ದರೆ ನಿದ್ದೆಯಿಲ್ಲ, ಹಗಲಿಡೀ ದುಡಿದ ಹೃದಯಕ್ಕೆ ಬಿಡುವಿಲ್ಲ. ಫ್ರಾನ್ಸ್ ಮರು ವರ್ಷವೇ ಬಿಸಿಗಾಳಿಗೆಂದು ರಾಷ್ಟ್ರೀಯ ಯೋಜನೆ ಮಾಡಿತು.

ಸೆಕೆಗೆ ಮೈ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಬೇಸಿಗೆಯ ಶುರುವಿನಲ್ಲೇ ಬರುವ ಬಿಸಿಗಾಳಿ ಜಾಸ್ತಿ ಅಪಾಯ ಮಾಡುವುದು ಅದಕ್ಕೇ. ಆಸ್ಟ್ರೇಲಿಯಾದ ಹವಾಮಾನ ಇಲಾಖೆ ಬಿಸಿಗಾಳಿಯನ್ನು ಗುರುತಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೂರು ದಿನದ ಹಗಲು ರಾತ್ರಿಗಳ ಬಿಸಿಯನ್ನು ಆ ಜಾಗದ ದೀರ್ಘಕಾಲದ ದಾಖಲೆಯ ಜೊತೆ ಹೋಲಿಸುತ್ತಾರೆ. ಜೊತೆಗೆ ಹಿಂದಿನ 30 ದಿನಗಳ ಜೊತೆಯೂ ಹೋಲಿಸುತ್ತಾರೆ, ಅಲ್ಲಿನ ಜನರ ಮೈ ಆ ಬಿಸಿಗೆ ತಯಾರಾಗಿದೆಯೋ ಇಲ್ಲವೋ ಅಂತ ನೋಡಲು.