ಎಸ್: ಒಂದೇ ಅಕ್ಷರದ ಅಕ್ಕರೆ

ಬೆಳಗಿನ ಹೊತ್ತು. ಶಾಲೆಯ ಬಾಗಿಲಲ್ಲಿ ಚಪ್ಪಲಿ ಬದಲಿಸಲು ಹುಡುಗಿ ತನ್ನ ಗೂಡು ತೆಗೆಯುತ್ತಾಳೆ. ಒಳಗೊಂದು ಕಾಗದ. ಬರೆದವಳು ಮೇಲಿನ ಕ್ಲಾಸಿನವಳು. ನಿನ್ನೆ ಅವಳು ಹಾದುಹೋದಾಗ ಈ ಹುಡುಗಿಗೆ ಮಾತೇ ಹೊರಟಿರಲಿಲ್ಲ. ಹಳೆಯ ಜಪಾನಿನ ಹುಡುಗಿಯರ ಕಥೆಗಳಲ್ಲಿ ‘ಎಸ್’, ಅಂದರೆ ಶಾಲೆಯ ಚಿಕ್ಕವಳೊಬ್ಬಳಿಗೂ ದೊಡ್ಡವಳೊಬ್ಬಳಿಗೂ ನಡುವಿನ ಗಾಢ ಅಕ್ಕರೆ, ಶುರುವಾಗುವುದು ಇಂಥ ಗಳಿಗೆಯಲ್ಲಿ.

‘ಎಸ್’ ಅಂದರೆ ಇಂಗ್ಲಿಷಿನ ‘ಸಿಸ್ಟರ್’ ಪದದ ಮೊದಲ ಅಕ್ಷರ. ಜಪಾನಿಯರ ಬಾಯಲ್ಲಿ ಅದು ‘ಎಸು’. ಚಿಕ್ಕವಳು ದೊಡ್ಡವಳನ್ನು ‘ಒನೇಸಮಾ’ ಎಂದು ಕರೆಯುತ್ತಾಳೆ. ಅಕ್ಕ ಅನ್ನುವುದಕ್ಕೆ ಗೌರವ ಸೇರಿಸಿದ ಮಾತು ಅದು. ನಮ್ಮ ಉತ್ತರ ಕನ್ನಡದ ಕಡೆ ಟೀಚರನ್ನು ‘ಅಕ್ಕೋರು’ ಅಂತಾರಲ್ವಾ, ನನಗೆ ಅದೇ ನೆನಪಾಗುತ್ತದೆ. ಅಕ್ಕನ ಸಲಿಗೆಯೂ ಇದೆ, ದೂರ ನಿಂತು ನೋಡುವ ಭಯಭಕ್ತಿಯೂ ಇದೆ. ಎಸ್‌ನಲ್ಲಿ ಆ ದೊಡ್ಡವಳು ಕೆಲವು ಸಲ ಟೀಚರೇ ಆಗಿರುತ್ತಿದ್ದಳು.

1899ರಲ್ಲಿ ಬಂದ ಸರ್ಕಾರಿ ಆದೇಶದ ನಂತರ ಜಪಾನಿನಲ್ಲಿ ಹೆಣ್ಣುಮಕ್ಕಳ ಹೈಸ್ಕೂಲುಗಳು ಹೆಚ್ಚಿದವು. ಅಪ್ಪನ ಮನೆಗೂ ಗಂಡನ ಮನೆಗೂ ನಡುವೆ ಕೆಲವು ವರ್ಷ, ಹುಡುಗಿಯರದ್ದೇ ಒಂದು ಲೋಕ. ಆ ಲೋಕವನ್ನು ಕಥೆಯಾಗಿಸಿದವರಲ್ಲಿ ಮೊದಲ ಹೆಸರು ಯೊಶಿಯಾ ನೊಬುಕೊ. 1916ರಿಂದ ಅವರು ಪತ್ರಿಕೆಯಲ್ಲಿ ಬರೆದ ‘ಹನಾ ಮೊನೊಗತಾರಿ’ ಅಂದರೆ ಹೂವಿನ ಕಥೆಗಳು. ಒಂದೊಂದು ಕಥೆಗೂ ಒಂದೊಂದು ಹೂವಿನ ಹೆಸರು.

ಎಸ್ ಅನ್ನು ಸುಮ್ನೆ ‘ಕ್ರಶ್’ ಅಂದುಬಿಟ್ಟರೆ ಅರ್ಥ ಅರ್ಧಕ್ಕೆ ನಿಲ್ಲುತ್ತದೆ. ಕ್ರಶ್ ಒಬ್ಬಳ ಮನಸ್ಸಿನಲ್ಲೇ ಹುಟ್ಟಿ ಅಲ್ಲೇ ಮುಗಿಯಬಹುದು. ಎಸ್‌ಗೆ ಇಬ್ಬರು ಬೇಕು. ಕಾಗದ ಬಂದರೆ ಉತ್ತರ ಬರೆಯಬೇಕು. ಒಬ್ಬ ಅಕ್ಕನಿಗೆ ಒಬ್ಬಳೇ ತಂಗಿ. ಇನ್ನೊಬ್ಬಳ ಕಾಗದವನ್ನೂ ಇಟ್ಟುಕೊಂಡರೆ ರಾತ್ರಿಯೆಲ್ಲ ಅಳು. ಆ ಹೊಟ್ಟೆಕಿಚ್ಚು, ಆ ಕಾಯುವಿಕೆ, ಅವಳ ಹಾಗೇ ಆಗಬೇಕೆಂಬ ಆಸೆ. ಚಿಕ್ಕವಳು ತನ್ನ ಮನಸ್ಸನ್ನು ತಾನು ಮೊದಲು ಕಾಣುವುದು ಇವುಗಳಲ್ಲೇ. ಬೆಳೆಯುವುದರ ಕಥೆಯಾಗಿ ಎಸ್ ನನಗೆ ಇಷ್ಟವಾಗುವುದು ಇದಕ್ಕೇ.

ದೊಡ್ಡವರು ಇದನ್ನು ಜಾಸ್ತಿ ತಡೆಯಲಿಲ್ಲ. ಶಾಲೆ ಮುಗಿದರೆ ಮದುವೆ, ಮದುವೆಯಾದರೆ ಇದೂ ಮುಗಿಯಿತು ಅಂದುಕೊಂಡಿದ್ದರು. ಕಥೆಗಳಲ್ಲೂ ಎಷ್ಟೋ ಸಲ ಹಾಗೇ ಆಗುತ್ತದೆ, ಅಗಲಿಕೆಯಲ್ಲಿ ಕಣ್ಣು ತುಂಬುತ್ತದೆ. ಯೊಶಿಯಾ ಮಾತ್ರ ಮದುವೆಯಾಗಲಿಲ್ಲ. 1923ರಲ್ಲಿ ಪರಿಚಯವಾದ ಮೊನ್ಮಾ ಚಿಯೊ ಅವರೊಡನೆ ಬಾಳಿದರು. ಇಬ್ಬರು ಹೆಂಗಸರು ಒಂದು ಕುಟುಂಬವಾಗಲು ಕಾನೂನಿನಲ್ಲಿ ದಾರಿ ಇರಲಿಲ್ಲ. 1957ರಲ್ಲಿ ಯೊಶಿಯಾ ಅವರೇ ಚಿಯೊ ಅವರನ್ನು ದತ್ತು ತೆಗೆದುಕೊಂಡು, ಮಗಳೆಂದು ಬರೆಸಿದರು. 1973ರಲ್ಲಿ ಯೊಶಿಯಾ ತೀರಿಕೊಳ್ಳುವವರೆಗೂ ಇಬ್ಬರೂ ಜೊತೆಗೇ ಇದ್ದರು.